ಹೂಂಗುಟ್ಟುವ ಜಗತ್ತು: ಪರದೆಯಾಚೆ ‘ಅಲ್ಲಿದ್ದೇವೆ’ ಅನ್ನಿಸುವುದು ಯಾವಾಗ?

2026ರ ಫೆಬ್ರುವರಿ 16ಕ್ಕೆ ಮೆಟಾ ಕಂಪನಿಯ ‘ಹೊರೈಜನ್ ವರ್ಕ್‌ರೂಮ್ಸ್’ ಬಾಗಿಲು ಮುಚ್ಚಿತು. ಎಲ್ಲೆಲ್ಲೋ ಇರುವವರು ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ತೊಟ್ಟು, ಒಂದೇ ಮೇಜಿನ ಸುತ್ತ ಕೂತಂತೆ ಸಭೆ ನಡೆಸಲಿ ಎಂದು 2021ರ ಆಗಸ್ಟ್‌ನಲ್ಲಿ ತಂದ ಆ್ಯಪ್ ಅದು. ಅದು ಮುಚ್ಚುವುದಕ್ಕೆ ತಿಂಗಳ ಮುಂಚೆ, ಕಂಪನಿಯ ವರ್ಚುವಲ್ ರಿಯಾಲಿಟಿ (ವಿಆರ್) ಕೆಲಸ ನೋಡಿಕೊಳ್ಳುವ ರಿಯಾಲಿಟಿ ಲ್ಯಾಬ್ಸ್ ವಿಭಾಗದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಈ ವಿಭಾಗದ ನಷ್ಟ 2022ರಲ್ಲಿ ಸುಮಾರು 1,370 ಕೋಟಿ ಡಾಲರ್, 2023ರಲ್ಲಿ 1,610 ಕೋಟಿ, 2024ರಲ್ಲಿ 1,770 ಕೋಟಿ. ಈ ಹಾದಿಯಲ್ಲಿ ಹಿಂದೆ ಸರಿದದ್ದು ಮೆಟಾ ಒಂದೇ ಅಲ್ಲ. ಮೈಕ್ರೋಸಾಫ್ಟ್ ಇಂಥದ್ದೇ ತಾಣವಾದ ತನ್ನ ‘ಆಲ್ಟ್‌ಸ್ಪೇಸ್‌ವಿಆರ್’ ಅನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು, ಮೊಜಿಲ್ಲಾ ತನ್ನ ‘ಹಬ್ಸ್’ ಸೇವೆಯನ್ನು 2024ರ ಮೇ ತಿಂಗಳಲ್ಲಿ ನಿಲ್ಲಿಸಿತು.

ಇಷ್ಟೇ ಆಗಿದ್ದರೆ ‘ಜನರಿಗೆ ಇದು ಬೇಡವಾಯಿತು’ ಎಂದು ಷರಾ ಬರೆದು ಮುಗಿಸಬಹುದಿತ್ತು. ಆದರೆ ಇದೇ ಹೊತ್ತಿನಲ್ಲಿ, ಇಟ್ಟಿಗೆ ಜೋಡಿಸಿದಂತೆ ಕಾಣುವ ಬೊಂಬೆಗಳು ಆಟಗಾರರ ಪರವಾಗಿ ಓಡಾಡುವ ರೋಬ್ಲಾಕ್ಸ್ ಎಂಬ ಆಟದ ಲೋಕಕ್ಕೆ 2025ರಲ್ಲಿ ದಿನಕ್ಕೆ 10 ಕೋಟಿಗೂ ಹೆಚ್ಚು ಬಳಕೆದಾರರು ಬರುತ್ತಿದ್ದರು. ಅವರಲ್ಲಿ ಬಹುಪಾಲು ಜನರ ಕೈಯಲ್ಲಿ ಇದ್ದದ್ದು ಬರೀ ಫೋನು. ಅದೇ ವರ್ಷ ಗೂಗಲ್, ಎಚ್‌ಪಿ ಜೊತೆ ಸೇರಿ, ಹೆಡ್‌ಸೆಟ್ಟೇ ಬೇಡದ ‘ಬೀಮ್’ ಎಂಬ ಮೂರು ಆಯಾಮದ ವಿಡಿಯೊ ಕರೆಯ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತು. ಕಣ್ಣು, ಕಿವಿ ಎರಡನ್ನೂ ಮುಚ್ಚಿ ಬೇರೊಂದು ಲೋಕಕ್ಕೆ ಕರೆದೊಯ್ಯುವ ಯಂತ್ರವನ್ನು ಜನ ಕಪಾಟಿನಲ್ಲಿ ಇಡುತ್ತಾರೆ, ಅಂಗೈಯಗಲದ ಗಾಜಿನೊಳಗೆ ಗಂಟೆಗಟ್ಟಲೆ ಮುಳುಗುತ್ತಾರೆ. ಯಾಕೆ ಹೀಗೆ?

ಗೊಂದಲ ಹುಟ್ಟುವುದು ‘ಮುಳುಗಿಸುವುದು’ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದರಿಂದ. ಮೊದಲು ಆ ಗಂಟು ಬಿಚ್ಚಬೇಕು.

ಮೈಮರೆಯುವುದು ಬೇರೆ, ಮೈ ನಂಬುವುದು ಬೇರೆ

ಒಳ್ಳೆಯ ಕಥೆ ಓದುವಾಗ ಮೈಮರೆಯುತ್ತೇವೆ. ಪದವೇ ಹೇಳುವಂತೆ, ಮೈ ಎಂಬುದೊಂದಿದೆ ಎನ್ನುವುದೇ ಆ ಹೊತ್ತಿಗೆ ಮರೆತುಹೋಗುತ್ತದೆ. ವರ್ಚುವಲ್ ರಿಯಾಲಿಟಿ ಮಾಡಹೊರಟದ್ದು ಇದಕ್ಕೆ ಹೆಚ್ಚು ಕಡಿಮೆ ತದ್ವಿರುದ್ಧ. ಅಲ್ಲಿ ಮೈ ಮರೆಯಬಾರದು. ಕತ್ತು ತಿರುಗಬೇಕು, ಕೈ ಚಾಚಬೇಕು, ಕಾಲು ಹಿಂಜರಿಯಬೇಕು. ಕಥೆಯಲ್ಲಿ ಮನಸ್ಸು ಹೋಗುತ್ತದೆ, ಇಲ್ಲಿ ಮೈಯನ್ನೇ ಒಪ್ಪಿಸಬೇಕು.

ಈ ಕ್ಷೇತ್ರದಲ್ಲಿ ದಶಕಗಳಿಂದ ಕೆಲಸ ಮಾಡುತ್ತಿರುವ ಮೆಲ್ ಸ್ಲೇಟರ್ ಇನ್ನೊಂದು ಗೆರೆಯನ್ನೂ ಎಳೆದಿದ್ದಾರೆ. ಯಂತ್ರವು ನಮ್ಮ ಇಂದ್ರಿಯಗಳನ್ನು ಎಷ್ಟರ ಮಟ್ಟಿಗೆ ಆವರಿಸುತ್ತದೆ ಎನ್ನುವುದು ಅಳೆದು ಹೇಳಬಹುದಾದ ವಿಷಯ: ಎಷ್ಟು ಅಗಲದ ನೋಟ, ಸೆಕೆಂಡಿಗೆ ಎಷ್ಟು ಚಿತ್ರ, ಸದ್ದು ಎಷ್ಟು ದಿಕ್ಕಿನಿಂದ. ಆದರೆ ‘ನಾನು ಅಲ್ಲಿದ್ದೇನೆ’ ಎಂಬ ಭಾವ ಮನುಷ್ಯನೊಳಗೆ ಹುಟ್ಟುವಂಥದ್ದು. ಮೊದಲನೆಯದು ಹೆಚ್ಚಿದರೆ ಎರಡನೆಯದಕ್ಕೆ ಅನುಕೂಲ, ಆದರೆ ಖಾತರಿ ಇಲ್ಲ. 2009ರಲ್ಲಿ ಅವರು ಆ ಭಾವವನ್ನೂ ಎರಡಾಗಿ ಬಿಡಿಸಿದರು. ಒಂದು, ಬೇರೊಂದು ಜಾಗದಲ್ಲಿದ್ದೇನೆ ಎಂಬ ಭ್ರಮೆ. ಇನ್ನೊಂದು, ಅಲ್ಲಿ ನಡೆಯುತ್ತಿರುವುದು ನಿಜವಾಗಿಯೂ ನಡೆಯುತ್ತಿದೆ ಎಂಬ ಭ್ರಮೆ. ಗೋಡೆ, ಕಿಟಕಿ, ಬೆಳಕು ಎಲ್ಲ ಅಚ್ಚುಕಟ್ಟಾಗಿದ್ದರೂ ಎದುರಿಗಿರುವ ಬೊಂಬೆ ನಮ್ಮ ಮಾತಿಗೆ ತಿರುಗಿಯೂ ನೋಡದಿದ್ದರೆ ಮೊದಲ ಭ್ರಮೆ ಉಳಿಯುತ್ತದೆ, ಎರಡನೆಯದು ಒಡೆಯುತ್ತದೆ. ಹಾಗೆ ಒಡೆದದ್ದು ಅಷ್ಟು ಸುಲಭವಾಗಿ ಮತ್ತೆ ಕೂಡುವುದಿಲ್ಲ.

ಕೋಟ್ಯಂತರ ಡಾಲರ್‌ಗಳ ಸಿಂಹಪಾಲು ಹೋದದ್ದು ಮೊದಲನೆಯದಕ್ಕೆ ಎನ್ನುವುದು ನನ್ನ ಅಂದಾಜು. ಜನರನ್ನು ಹಿಡಿದು ಕೂರಿಸುವುದು ಎರಡನೆಯದು.

ಗುಂಡಿಯ ಅಂಚಿನಲ್ಲಿ ನಿಂತಾಗ

ಅಮೆರಿಕದ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪ್ರಯೋಗವೊಂದು ಈ ವಿಷಯವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಹೆಡ್‌ಸೆಟ್ ತೊಟ್ಟವರು ಒಂದು ಸಾಧಾರಣ ಕೋಣೆಯಿಂದ ಇನ್ನೊಂದಕ್ಕೆ ಕಾಲಿಡುತ್ತಾರೆ. ಅಲ್ಲಿ ನೆಲದ ನಡುವೆ ಸುಮಾರು 20 ಅಡಿ ಆಳದ ಗುಂಡಿ, ಸುತ್ತ ನಡೆಯಲು ಕಿರಿದಾದ ಅಂಚು. ಗುಂಡಿ ಸುಳ್ಳು ಎಂದು ಎಲ್ಲರಿಗೂ ಗೊತ್ತು. ಆದರೂ ಅಂಚಿಗೆ ಬರುತ್ತಿದ್ದಂತೆ ಎದೆಬಡಿತ ಏರಿತು. ಸಂಶೋಧಕರು ‘ನಿಮಗೇನನ್ನಿಸಿತು’ ಎಂದು ಕೇಳುವುದರ ಜೊತೆಗೆ ಆ ಬಡಿತವನ್ನೂ ಎಣಿಸಿದರು. ಬಾಯಿ ಒಂದು ಹೇಳಬಹುದು, ಎದೆ ಹೇಳುವುದೇ ಬೇರೆ.

2002ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಒಂದು ಸಣ್ಣ ಸಂಗತಿ ಇದೆ. ಪ್ರಯೋಗಾಲಯದ ನಿಜವಾದ ನೆಲದ ಮೇಲೆ, ಕಾಣುವ ಅಂಚಿಗೆ ಸರಿಯಾಗಿ ಒಂದೂವರೆ ಇಂಚು ಎತ್ತರದ ಮರದ ಹಲಗೆ ಇಟ್ಟರು. ಪಾದದ ತುದಿಗೆ ಅಂಚು ತಗುಲುವಂತಿದ್ದಾಗ ಎದೆಬಡಿತ ಇನ್ನಷ್ಟು ಏರಿತು. ಚಿತ್ರವನ್ನು ಒಂದಿಷ್ಟೂ ಬದಲಿಸಿರಲಿಲ್ಲ. ಒಂದು ಮರದ ತುಂಡು ಕಣ್ಣಿನ ಮಾತಿಗೆ ‘ಹೌದು’ ಎಂದು ಸಾಕ್ಷಿ ಹೇಳಿತು, ಅಷ್ಟೇ.

ಮರುವರ್ಷ ಅದೇ ತಂಡದ ಹಲವರಿಂದ ಇನ್ನೊಂದು ಪರೀಕ್ಷೆ ಪ್ರಕಟವಾಯಿತು. ತಲೆ ತಿರುಗಿಸಿದ ಮೇಲೆ ಚಿತ್ರ ಬದಲಾಗಲು ಒಂದು ಗುಂಪಿಗೆ ಸುಮಾರು 50 ಮಿಲಿಸೆಕೆಂಡ್, ಇನ್ನೊಂದಕ್ಕೆ ಸುಮಾರು 90. ವ್ಯತ್ಯಾಸ ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು, ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬೇಗ ಉತ್ತರ ಸಿಕ್ಕ ಗುಂಪಿನ ಎದೆಬಡಿತ ಹೆಚ್ಚು ಏರಿತು.

ಇದಕ್ಕೂ ಮೊದಲು, 1998ರಲ್ಲಿ, ಬಾಟ್‌ವಿನಿಕ್ ಮತ್ತು ಕೋಹೆನ್ ರಬ್ಬರ್ ಕೈ ಇಟ್ಟುಕೊಂಡು ಮಾಡಿದ ಪ್ರಯೋಗ ಕಾರಣವನ್ನು ಇನ್ನೂ ಬಿಡಿಸಿ ಹೇಳುತ್ತದೆ. ನಿಮ್ಮ ಕೈಯನ್ನು ಮರೆಮಾಡಿ, ಎದುರಿಗೆ ರಬ್ಬರ್ ಕೈ ಇಟ್ಟು, ಎರಡನ್ನೂ ಒಂದೇ ಕ್ಷಣಕ್ಕೆ ಕುಂಚದಿಂದ ಸವರಿದರೆ ಸ್ವಲ್ಪ ಹೊತ್ತಿಗೆ ರಬ್ಬರ್ ಕೈಯೇ ನಿಮ್ಮದು ಅನ್ನಿಸತೊಡಗುತ್ತದೆ. ಸವರುವ ತಾಳ ತಪ್ಪಿಸಿದರೆ ಭ್ರಮೆ ಬಲ ಕಳೆದುಕೊಳ್ಳುತ್ತದೆ. ಮಿದುಳು ಕೇಳುವುದು ‘ಇದು ಕೈಯಂತೆ ಕಾಣುತ್ತದೆಯೇ’ ಎಂದಷ್ಟೇ ಅಲ್ಲ, ‘ಕಂಡದ್ದೂ ತಗುಲಿದ್ದೂ ಒಟ್ಟಿಗೇ ಬಂತೇ’ ಎಂದು ಕೂಡ.

ಇವತ್ತಿನ ಹೆಡ್‌ಸೆಟ್ ತಯಾರಕರು ತಲೆಯ ಚಲನೆಗೂ ಚಿತ್ರದ ಬದಲಾವಣೆಗೂ ನಡುವೆ 20 ಮಿಲಿಸೆಕೆಂಡ್ ಮೀರಬಾರದು ಎಂದು ಹೆಣಗುವುದು ಇದಕ್ಕೇ. ಮೀರಿದರೆ ಭಾವ ಒಡೆಯುವುದರ ಜೊತೆಗೆ ತಲೆ ಸುತ್ತಬಹುದು, ಹೊಟ್ಟೆ ತೊಳಸಬಹುದು. ಒಳಕಿವಿ ‘ತಿರುಗಿದ್ದೇನೆ’ ಎನ್ನುತ್ತದೆ, ಕಣ್ಣು ‘ಇನ್ನೂ ಇಲ್ಲ’ ಎನ್ನುತ್ತದೆ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ತೋರಿಸಿದ ಹೆಡ್‌ಸೆಟ್ ಛಾವಣಿಯಿಂದ ಇಳಿಬಿಟ್ಟದ್ದು, ಅದರಲ್ಲಿ ಕಾಣುತ್ತಿದ್ದುದು ಬರೀ ಗೆರೆಗಳಲ್ಲಿ ಬರೆದ ಆಕೃತಿಗಳು. ಆದರೂ ಹೊಸ ತಂತ್ರಜ್ಞಾನವೊಂದರ ಹುಟ್ಟು ಎಂದು ಅದನ್ನು ಇಂದಿಗೂ ನೆನೆಯುತ್ತಾರೆ. ಯಾಕೆಂದರೆ ನೋಡುವವರು ತಲೆ ಸರಿಸಿದಂತೆ ಆ ಗೆರೆಗಳ ನೋಟವೂ ಬದಲಾಗುತ್ತಿತ್ತು.

ಹೂಂಗುಟ್ಟುವವರು ಇಲ್ಲದ ಮಾತು

ಜಾಗದ ವಿಷಯದಲ್ಲಿ ನಿಜವಾದದ್ದು ಮಾತಿನ ವಿಷಯದಲ್ಲಿ ಇನ್ನೂ ಹೆಚ್ಚು ನಿಜ. ಕಥೆ ಹೇಳುವವರ ಎದುರು ಕೂತವರು ಹೂಂಗುಟ್ಟುತ್ತಿರಬೇಕು. ಆ ‘ಹೂಂ’ಗೆ ಅರ್ಥಕ್ಕಿಂತ ಹೊತ್ತು ಮುಖ್ಯ. ಸರಿಯಾದ ಕ್ಷಣಕ್ಕೆ ಬಂದರೆ ‘ಕೇಳುತ್ತಿದ್ದೇನೆ, ಮುಂದೆ ಹೇಳು’ ಎಂದು. ಅರ್ಧ ಸೆಕೆಂಡ್ ತಡವಾದರೆ ಅದೇ ಸದ್ದು ಅಡ್ಡಿ.

2009ರಲ್ಲಿ ಬೇರೆ ಬೇರೆ ಖಂಡಗಳ 10 ಭಾಷೆಗಳ ಮಾತುಕತೆಯನ್ನು ಅಳೆದ ಅಧ್ಯಯನವೊಂದು, ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್ ಎಂದು ಕಂಡುಕೊಂಡಿತು. ಭಾಷೆಯಿಂದ ಭಾಷೆಗೆ ಸಣ್ಣಪುಟ್ಟ ಏರುಪೇರು, ಅಷ್ಟೇ. ಆದರೆ ಒಂದೇ ಒಂದು ಪದವನ್ನು ಯೋಚಿಸಿ ನಾಲಿಗೆಗೆ ತರಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಅಂದರೆ ಎದುರಿನವರ ಮಾತು ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಊಹಿಸಿ, ಅವರಿನ್ನೂ ಮಾತಾಡುತ್ತಿರುವಾಗಲೇ ನಮ್ಮ ಉತ್ತರ ಸಜ್ಜಾಗಿರುತ್ತದೆ. ಮಾತುಕತೆ ಎನ್ನುವುದು ಇಬ್ಬರು ಕೂಡಿ ಹಾಕುವ ತಾಳ.

ವಿಡಿಯೊ ಕರೆ ಆ ತಾಳಕ್ಕೇ ಕೈ ಹಾಕುತ್ತದೆ. ದೂರವಾಣಿ ಜಾಲಗಳಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟ ಸಲಹೆ, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್‌ನೊಳಗೆ ಇರಲಿ ಎಂದು. ಇಷ್ಟರೊಳಗೇ ಇದ್ದರೂ ಮಾತು ಹೋಗಿ ಉತ್ತರ ಬರುವುದರಲ್ಲಿ ಸಹಜ ಬಿಡುವಿನಷ್ಟೇ ಹೊತ್ತು ದಾರಿಯಲ್ಲೇ ಕಳೆದುಹೋಗಬಹುದು. ಮುಖಾಮುಖಿ ಮಾತನ್ನೂ ಜೂಮ್ ಮಾತನ್ನೂ ಹೋಲಿಸಿದ ಒಂದು ಅಧ್ಯಯನದಲ್ಲಿ ಆ ಬಿಡುವು 135ರಿಂದ 487 ಮಿಲಿಸೆಕೆಂಡ್‌ಗೆ ಹಿಗ್ಗಿತ್ತು.

ಪರಿಣಾಮವನ್ನು ಹಂತ ಹಂತವಾಗಿ ನೋಡಿ. ಉತ್ತರ ಬರಲಿಲ್ಲವೆಂದು ಮೊದಲಿನವರು ಮತ್ತೆ ಮಾತು ತೆಗೆಯುತ್ತಾರೆ. ಅದೇ ಹೊತ್ತಿಗೆ ಎರಡನೆಯವರ ಮಾತು ಬಂದು ತಲುಪುತ್ತದೆ. ಇಬ್ಬರೂ ನಿಲ್ಲಿಸುತ್ತಾರೆ. ‘ಇಲ್ಲ ಇಲ್ಲ, ನೀವು ಹೇಳಿ.’ ಎರಡು ಸಲ ಹೀಗಾದ ಮೇಲೆ ಕೇಳುವವರು ಹೂಂಗುಟ್ಟುವುದನ್ನೇ ಬಿಡುತ್ತಾರೆ, ಮೈಕ್ ಮ್ಯೂಟ್ ಮಾಡುತ್ತಾರೆ. ಮೈಕ್ ತೆರೆದಿದ್ದರೂ, ಒಮ್ಮೆಗೆ ಒಬ್ಬರ ದನಿಯನ್ನೇ ಮುಂದೆ ಮಾಡುವ, ಗದ್ದಲ ಸೋಸುವ ತಂತ್ರಾಂಶ ಆ ಪುಟ್ಟ ಸದ್ದನ್ನು ಕಸವೆಂದು ತೆಗೆದುಹಾಕಬಹುದು. ಕೊನೆಗೆ ಹೇಳುವವರ ಎದುರು ಇರುವುದು ಮೌನದ ಗೋಡೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಇಂಥ ವಿಳಂಬವನ್ನು ಜನ ಜಾಲದ ದೋಷವೆಂದು ತಿಳಿಯದೆ ಎದುರಿನವರ ಗುಣವೆಂದೇ ತಿಳಿಯುತ್ತಾರೆ, ಅವರಿಗೆ ಗಮನವಿಲ್ಲ ಅಂದುಕೊಳ್ಳುತ್ತಾರೆ. ಕೇಬಲ್ಲಿನ ತಪ್ಪಿಗೆ ಮನುಷ್ಯರು ಹೊಣೆಯಾಗುತ್ತಾರೆ. ಕೆಲಸದ ಸಂದರ್ಶನ, ವೈದ್ಯರ ಸಲಹೆಯಂಥವು ವಿಡಿಯೊ ಕರೆಗೆ ಬಂದಿರುವ ಕಾಲದಲ್ಲಿ ಇದು ನಿರ್ಲಕ್ಷಿಸುವ ವಿಷಯವೇ ಅಲ್ಲ.

ಕಣ್ಣಿನ ಕಥೆಯೂ ಇದೇ. ಕ್ಯಾಮೆರಾ ಪರದೆಯ ಮೇಲಂಚಿನಲ್ಲಿ, ಎದುರಿನವರ ಕಣ್ಣು ಪರದೆಯ ನಡುವೆ. ಅವರ ಕಣ್ಣು ನೋಡಿದರೆ ಅವರಿಗೆ ನಾವು ಕೆಳಗೆ ನೋಡಿದಂತೆ, ಕ್ಯಾಮೆರಾ ನೋಡಿದರೆ ನಮಗೆ ಅವರ ಮುಖ ತಪ್ಪಿಹೋಗುತ್ತದೆ. ಗೂಗಲ್‌ನ ಬೀಮ್ ಹಲವು ಕ್ಯಾಮೆರಾಗಳಿಂದ ಮುಖವನ್ನು ಮೂರು ಆಯಾಮದಲ್ಲಿ ಕಟ್ಟಿ, ನೋಟಕ್ಕೆ ನೋಟ ಕೂಡುವಂತೆ ಮಾಡಹೊರಟಿರುವುದು ಈ ಒಂದು ಕೊರತೆ ನೀಗಿಸಲೆಂದೇ ಎನ್ನಬಹುದು. 2025ರಲ್ಲಿ ಅದರ ಬೆಲೆ 24,999 ಡಾಲರ್ ಇತ್ತು ಎನ್ನುವುದು ಸಮಸ್ಯೆ ಎಷ್ಟು ಕಠಿಣ ಎಂಬುದಕ್ಕೂ ಸಾಕ್ಷಿ.

ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್‌ಸನ್ 2021ರಲ್ಲಿ ವಿಡಿಯೊ ಸಭೆಯ ದಣಿವಿಗೆ ನಾಲ್ಕು ಕಾರಣ ಕೊಟ್ಟರು: ತೀರಾ ಹತ್ತಿರದಿಂದ ಬಿಡದೆ ನೋಡುವ ಮುಖಗಳು, ಸದಾ ಎದುರಿಗಿರುವ ನಮ್ಮದೇ ಮುಖ, ಅಲುಗಾಡದೆ ಕೂರಬೇಕಾದ ಕಟ್ಟು, ಸನ್ನೆಗಳನ್ನು ಓದಲು ಮತ್ತು ತೋರಿಸಲು ಬೇಕಾದ ಹೆಚ್ಚುವರಿ ಶ್ರಮ. ಗಮನಿಸಿ, ಇದರಲ್ಲಿ ‘ಚಿತ್ರ ಸ್ಪಷ್ಟವಿಲ್ಲ’ ಎಂಬ ದೂರೇ ಇಲ್ಲ.

ಬರೀ ಅಕ್ಷರ ಸಾಕಾದದ್ದು ಹೇಗೆ?

ಇಲ್ಲಿ ಪಂಡಿತರಲ್ಲೇ ಎರಡು ಪಕ್ಷ. 1976ರಲ್ಲಿ ಶಾರ್ಟ್, ವಿಲಿಯಮ್ಸ್, ಕ್ರಿಸ್ಟಿ ಮುಂದಿಟ್ಟ ‘ಸಾಮಾಜಿಕ ಇರುವಿಕೆ’ಯ ವಾದ, 1986ರಲ್ಲಿ ಡಾಫ್ಟ್ ಮತ್ತು ಲೆಂಗೆಲ್ ಮಂಡಿಸಿದ ‘ಮಾಧ್ಯಮದ ಸಿರಿವಂತಿಕೆ’ಯ ವಾದ ಹೇಳಿದ್ದು ಒಂದೇ ದಿಕ್ಕಿನದು: ದನಿ, ಮುಖ, ಸನ್ನೆ ಹೆಚ್ಚಿದಷ್ಟೂ ಮಾಧ್ಯಮ ಮನುಷ್ಯರನ್ನು ಹತ್ತಿರ ತರುತ್ತದೆ. ಹೆಡ್‌ಸೆಟ್‌ಗಳಲ್ಲಿ ಹಣ ಹೂಡಿದವರ ನಂಬಿಕೆಯ ಬೇರು ಇಲ್ಲಿದೆ.

ಆದರೆ ಈ ಲೆಕ್ಕಕ್ಕೆ ಸಿಗದ ಒಂದು ಇತಿಹಾಸವಿದೆ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ‘ಮಡ್’ ಎಂಬ ಆಟದಲ್ಲಿ ಇದ್ದದ್ದು ಬರೀ ಅಕ್ಷರ. ಕೋಣೆ, ಬಾಗಿಲು, ಎದುರಿನ ಆಟಗಾರ ಎಲ್ಲವೂ ವಾಕ್ಯಗಳು. ಜನ ರಾತ್ರಿಯಿಡೀ ಆಡಿದರು, ಇಂಥ ಲೋಕಗಳು ಸಾಲುಸಾಲಾಗಿ ಹುಟ್ಟಿದವು. 1986ರಲ್ಲಿ ಲ್ಯೂಕಾಸ್‌ಫಿಲ್ಮ್ ಪರೀಕ್ಷೆಗೆ ಬಿಟ್ಟ ‘ಹ್ಯಾಬಿಟ್ಯಾಟ್’ ಕಮೊಡೋರ್ 64 ಎಂಬ ಪುಟ್ಟ ಕಂಪ್ಯೂಟರಿನಲ್ಲಿ, ವ್ಯಂಗ್ಯಚಿತ್ರದಂಥ ಬೊಂಬೆಗಳೊಂದಿಗೆ ನಡೆಯುತ್ತಿತ್ತು. ಅದನ್ನು ಕಟ್ಟಿದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಕೆಲವೇ ವರ್ಷಗಳಲ್ಲಿ ಬರೆದ ಪ್ರಬಂಧದ ತಿರುಳು ಇದು: ಇಂಥ ಲೋಕವನ್ನು ಲೋಕವನ್ನಾಗಿ ಮಾಡುವುದು ಅದನ್ನು ತೋರಿಸುವ ತಂತ್ರಕ್ಕಿಂತ ಹೆಚ್ಚಾಗಿ ಅದರೊಳಗಿನವರ ನಡುವಿನ ಕೊಡುಕೊಳೆ. ಇಷ್ಟು ಹಳೆಯ ಮಾತನ್ನು ಇಷ್ಟು ಹಣ ಸುರಿದ ಮೇಲೆ ಮತ್ತೆ ಕಂಡುಕೊಳ್ಳಬೇಕಾಗಿ ಬಂದದ್ದು ಬೇಸರದ ಸಂಗತಿ.

1996ರಲ್ಲಿ ಸಂವಹನ ಸಂಶೋಧಕ ಜೋಸೆಫ್ ವಾಲ್ಥರ್ ಇನ್ನೂ ಮುಂದೆ ಹೋದರು. ಅಕ್ಷರದ ಸಂಬಂಧ ಕೆಲವೊಮ್ಮೆ ಮುಖಾಮುಖಿ ಸಂಬಂಧಕ್ಕಿಂತಲೂ ಆಪ್ತವಾಗಬಲ್ಲದು ಎಂದರು. ಬರೆಯುವವರು ಯೋಚಿಸಿ, ತಿದ್ದಿ ಬರೆಯುತ್ತಾರೆ. ಓದುವವರು ಕಾಣದ್ದನ್ನೆಲ್ಲ ತಮ್ಮ ಕಲ್ಪನೆಯಿಂದ, ಸಾಮಾನ್ಯವಾಗಿ ಒಳ್ಳೆಯದರಿಂದಲೇ, ತುಂಬಿಕೊಳ್ಳುತ್ತಾರೆ. ‘ಟೈಪ್ ಮಾಡುತ್ತಿದ್ದಾರೆ’ ಎಂಬ ಮೂರು ಚುಕ್ಕಿಯ ಮುಂದೆ ಉಸಿರು ಬಿಗಿಹಿಡಿದು ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಚುಕ್ಕಿಗಳೂ ಒಂದು ಬಗೆಯ ಹೂಂಗುಟ್ಟುವಿಕೆಯೇ.

ಹಾಗಿದ್ದರೆ ಮೊದಲ ಪಕ್ಷ ಸೋತಿತೇ? ಇಲ್ಲ. 2006ರಲ್ಲಿ ಸ್ಲೇಟರ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ 34 ಜನರಿಗೆ, ಕಂಪ್ಯೂಟರ್ ಸೃಷ್ಟಿಸಿದ ಹೆಂಗಸೊಬ್ಬಳು ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಆಘಾತ ಕೊಡುವ ಕೆಲಸ ಒಪ್ಪಿಸಲಾಗಿತ್ತು. ಆಕೆ ನಿಜವಲ್ಲ ಎಂದು ಎಲ್ಲರಿಗೂ ತಿಳಿದಿತ್ತು. 23 ಜನ ಆಕೆಯನ್ನು ಕಂಡರು, ಆಕೆಯ ದನಿ ಕೇಳಿದರು. ಉಳಿದ 11 ಜನರಿಗೆ ಸಿಕ್ಕಿದ್ದು ಅಕ್ಷರ ಮಾತ್ರ. ಕಂಡವರ, ಕೇಳಿದವರ ಮೈ ನಿಜವಾದ ಸಂಕಟಕ್ಕೆ ಸ್ಪಂದಿಸಿದಂತೆ ಸ್ಪಂದಿಸಿತು, ಕೆಲವರು ನಡುವೆಯೇ ಎದ್ದರು. ಅಕ್ಷರದ ಗುಂಪಿನಲ್ಲಿ ಆ ಕಳವಳ ಅಷ್ಟಾಗಿ ಕಾಣಲಿಲ್ಲ.

ಎರಡೂ ಪಕ್ಷಗಳ ಮಾತನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಹೀಗೆ. ಅಕ್ಷರ ಮೈಗೆ ಯಾವ ಮಾತನ್ನೂ ಕೊಟ್ಟಿರುವುದಿಲ್ಲ, ಹಾಗಾಗಿ ಮಾತಿಗೆ ತಪ್ಪುವ ಪ್ರಶ್ನೆಯೂ ಇಲ್ಲ. ಉತ್ತರ ಒಂದು ನಿಮಿಷ ತಡವಾದರೂ ಅಲ್ಲಿ ಅದು ಸಹಜ. ಹೆಡ್‌ಸೆಟ್ ‘ನೀನು ಇಲ್ಲೇ ಇದ್ದೀಯ’ ಎಂದು ಮೈಗೆ ಮಾತು ಕೊಟ್ಟಿರುತ್ತದೆ. ಕೊಟ್ಟ ಮೇಲೆ ಪ್ರತಿ ಕ್ಷಣವೂ ಉಳಿಸಿಕೊಳ್ಳಬೇಕು. ಬೊಂಬೆಯ ತುಟಿ ಒಂದಿಷ್ಟು ತಡವಾಗಿ ಆಡಿದರೂ ಲೆಕ್ಕ ತಪ್ಪುತ್ತದೆ. ಮನುಷ್ಯರನ್ನು ಬಹುಮಟ್ಟಿಗೆ ಹೋಲುವ, ಆದರೆ ಪೂರ್ತಿ ಹೋಲದ ಆಕೃತಿ ಕಂಡರೆ ಮನಸ್ಸು ಹಿಂದೆಗೆಯುತ್ತದೆ ಎಂದು ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಹೇಳಿದ್ದರು. ಇಟ್ಟಿಗೆಯಂಥ ಬೊಂಬೆಗಳು ಬಚಾವಾಗುವುದು ಇಲ್ಲಿಯೇ. ಅವು ಮುಖದಂತೆ ಕಾಣುವುದಿಲ್ಲ, ಆದರೆ ಕರೆದರೆ ತಿರುಗುತ್ತವೆ, ತಳ್ಳಿದರೆ ಬೀಳುತ್ತವೆ, ನಿನ್ನೆ ಕಟ್ಟಿದ ಗೋಡೆ ಇವತ್ತೂ ಅಲ್ಲೇ ಇರುತ್ತದೆ.

ಭಾರದ ಮಾತು

ಹೆಡ್‌ಸೆಟ್‌ಗಳು ಎಡವಿದ್ದಕ್ಕೆ ಸರಳ ಕಾರಣಗಳೂ ಇವೆ. 2024ರ ಫೆಬ್ರುವರಿಯಲ್ಲಿ ಬಂದ ಆ್ಯಪಲ್‌ನ ವಿಷನ್ ಪ್ರೊ 600 ಗ್ರಾಂಗೂ ಹೆಚ್ಚು ತೂಗುತ್ತಿತ್ತು, ಬೆಲೆ 3,499 ಡಾಲರ್‌ನಿಂದ ಶುರು. ಜೊತೆಗೆ, ಹತ್ತಿರದ, ದೂರದ ವಸ್ತುಗಳನ್ನು ನೋಡಲು ಎರಡೂ ಕಣ್ಣುಗಳ ಕೋನ ಬದಲಾಗುತ್ತಿದ್ದರೂ ಕಣ್ಣಿನ ಮಸೂರ ಮಾತ್ರ ಬದಲಾಗದ ಒಂದೇ ದೂರಕ್ಕೆ ನೆಟ್ಟಿರಬೇಕು. ಕಣ್ಣು ದಣಿಯುತ್ತದೆ. ಒಂದು ಗಂಟೆಯ ಸಭೆಗಾಗಿ ಇಷ್ಟನ್ನೆಲ್ಲ ಹೊರುವವರು ಕಡಿಮೆ, ಅಷ್ಟೇ.

ಮುಂದೇನಾಗಬಹುದು?

ಹಣದ ಹರಿವು ಈಗಾಗಲೇ ತಿರುಗಿದೆ. ಮೆಟಾ ಹಗುರ ಕನ್ನಡಕದ ಕಡೆಗೆ, ಫೋನಿನಲ್ಲೇ ತೆರೆಯುವ ಲೋಕಗಳ ಕಡೆಗೆ ಹೊರಳುತ್ತಿದೆ. ವಿಡಿಯೊ ಕರೆಯಲ್ಲಿ ಮುಂದಿನ ಸುಧಾರಣೆ ಬರಬೇಕಾದದ್ದು ವಿಳಂಬ ಇಳಿಸುವುದರಲ್ಲಿ, ಇಬ್ಬರ ದನಿ ಒಂದರ ಮೇಲೊಂದು ಬಿದ್ದರೂ ಕೇಳುವಂತೆ ಮಾಡುವುದರಲ್ಲಿ, ಒಬ್ಬೊಬ್ಬರ ದನಿ ಒಂದೊಂದು ದಿಕ್ಕಿನಿಂದ ಬರುವಂತೆ ಮಾಡುವುದರಲ್ಲಿ. ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಮುಂಚೆ ತಲುಪಿದರೂ ಮಿದುಳು ದಿಕ್ಕು ಹಿಡಿಯುತ್ತದೆ. ಎಲ್ಲರ ದನಿಯೂ ಒಂದೇ ಬಿಂದುವಿನಿಂದ ಬರುವ ಕರೆಯಲ್ಲಿ ಈ ಶಕ್ತಿಗೆ ಕೆಲಸವೇ ಇಲ್ಲ.

ಮೈಯನ್ನೇ ನಂಬಿಸಬೇಕಾದ ಕಡೆ ಹೆಡ್‌ಸೆಟ್ ಉಳಿಯುತ್ತದೆ. ಎತ್ತರದ ಭಯಕ್ಕೆ ವಿಆರ್ ಚಿಕಿತ್ಸೆಯ ಪ್ರಯೋಗ 1995ರಷ್ಟು ಹಳೆಯದು. ದೀರ್ಘಕಾಲದ ಸೊಂಟನೋವಿಗೆ ವಿಆರ್ ಚಿಕಿತ್ಸೆಯೊಂದಕ್ಕೆ 2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.

ಮೈ ನಂಬುತ್ತದೆ ಎಂದಾದರೆ ಅದಕ್ಕೆ ನೋವೂ ಆಗುತ್ತದೆ. ವರ್ಚುವಲ್ ಲೋಕದಲ್ಲಿ ಯಾರೋ ಮೈಮೇಲೆ ಬಿದ್ದಂತೆ ಬಂದರೆ ‘ಅದು ಬರೀ ಚಿತ್ರ ತಾನೇ’ ಎನ್ನುವ ಸಮಾಧಾನ ಕೆಲಸ ಮಾಡುವುದಿಲ್ಲ. ಗುಂಡಿ ಸುಳ್ಳೆಂದು ತಿಳಿದವರ ಎದೆಯೂ ಬಡಿದುಕೊಂಡಿತ್ತು. ಇಂಥ ದೂರುಗಳ ಬಳಿಕ 2022ರ ಫೆಬ್ರುವರಿಯಲ್ಲಿ ಮೆಟಾ ತನ್ನ ಲೋಕಗಳಲ್ಲಿ ಬೊಂಬೆಗಳ ನಡುವೆ ಸುಮಾರು ನಾಲ್ಕು ಅಡಿ ಅಂತರ ಇರುವಂತೆ ಕಾಣದ ಬೇಲಿ ಹಾಕಿತು.

ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವಂಥದ್ದಲ್ಲ. ಜಗತ್ತು ನಮ್ಮ ಅಲುಗಾಟಕ್ಕೆ ಉತ್ತರಿಸಬೇಕಾದರೆ ಆ ಅಲುಗಾಟವನ್ನು ಯಂತ್ರ ಅಳೆಯುತ್ತಲೇ ಇರಬೇಕು. 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಐದು ನಿಮಿಷಕ್ಕೂ ಕಡಿಮೆ ಚಲನೆಯ ದತ್ತಾಂಶದಿಂದ 511 ಜನರಲ್ಲಿ ಯಾರು ಯಾರೆಂದು ಸುಮಾರು 95% ಸರಿಯಾಗಿ ಗುರುತಿಸಿದರು. 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ ಇದನ್ನು 50,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿತು. ತಲೆ ಮತ್ತು ಕೈಗಳ 100 ಸೆಕೆಂಡಿನ ಚಲನೆ ಸಿಕ್ಕರೆ 94%, ಬರೀ 10 ಸೆಕೆಂಡಿಗೆ 73% ನಿಖರತೆ. ಹೆಸರು ಬದಲಿಸಿ, ಮುಖವಾಡ ತೊಟ್ಟು ಒಳಹೋದವರನ್ನೂ ಅವರು ಕತ್ತು ತಿರುಗಿಸುವ ರೀತಿ ಬಿಟ್ಟುಕೊಡುತ್ತದೆ.

ಈ ದತ್ತಾಂಶಕ್ಕೆ ಬೇಕೆಂದೇ ಒಂದಿಷ್ಟು ಏರುಪೇರು ಬೆರೆಸಿ ಕಳಿಸಿದರೆ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಆದರೆ ಚಲನೆ ಅಷ್ಟರ ಮಟ್ಟಿಗೆ ಒರಟಾಗುತ್ತದೆ, ತಾಳಕ್ಕೆ ಸರಿಯಾಗಿ ಕೈ ಬೀಸುವ ಆಟವಾದರೆ ಕೆಟ್ಟೇಹೋಗಬಹುದು. ಎದುರಿನವರು ತಲೆದೂಗಿದ್ದು ಕಂಡರೆ ಸಾಕು ಎನ್ನುವ ಸಭೆಗೆ ಅಷ್ಟೊಂದು ನಿಖರತೆ ಬೇಕಾಗಿಲ್ಲ. ತನ್ನದೇ ಕಣ್ಣೆದುರಿನ ಚಿತ್ರ ತಿರುಗಿಸಲು ಬೇಕಾದ ಪೂರ್ತಿ ಅಳತೆ ಹೆಡ್‌ಸೆಟ್‌ನೊಳಗೇ ಉಳಿದು, ಸಭೆಯಲ್ಲಿರುವ ಇತರರಿಗೆ ಅದರ ಸ್ಥೂಲ ರೂಪ ಮಾತ್ರ ಹೋಗುವಂತೆ ಮಾಡುವುದು ತಾಂತ್ರಿಕವಾಗಿ ಸಾಧ್ಯ. ಎಷ್ಟು ಕಳಿಸಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ಗೆರೆಯನ್ನು ಸದ್ಯಕ್ಕೆ ಬಹುಮಟ್ಟಿಗೆ ಆ ಹೆಡ್‌ಸೆಟ್ ಮಾರುವ ಕಂಪನಿಗಳೇ ಎಳೆಯುತ್ತಿವೆ.